ಭಗ್ನ ಬೊಂಬೆಗಳ ಜೀರ್ಣೋದ್ಧಾರ

ಶಿಥಿಲವಾದುದನ್ನು ಮತ್ತೆ ಎತ್ತಿ ನಿಲ್ಲಿಸುವ ಕಾರ್ಯಕ್ಕೆ ನಮ್ಮ ಹಿರಿಯರು ಜೀರ್ಣೋದ್ಧಾರವೆಂದು ಹೆಸರಿಟ್ಟರು. ಆ ಮಾತು ದೇವಾಲಯಕ್ಕೆ ಸಲ್ಲುವುದು, ಕೆರೆಗೆ ಸಲ್ಲುವುದು, ಬಾವಿಗೂ ಸಲ್ಲುವುದು. ಈ ತಿಂಗಳು ಅದನ್ನು ಹುಡುಗರ ಆಟದ ಬೊಂಬೆಗಳಿಗೆ ಅನ್ವಯಿಸಿ ನಾಲ್ಕು ಮಾತು ಬರೆಯಬೇಕೆಂದಿದ್ದೇನೆ. ವಿಷಯವು ಅಲ್ಪವೆಂದು ಪುಟವನ್ನು ಮಗುಚದೆ ವಾಚಕರು ಸ್ವಲ್ಪ ಹೊತ್ತು ತಾಳ್ಮೆ ವಹಿಸಬೇಕು. ಅಲ್ಪ ವಸ್ತುವಿನಲ್ಲಿಯೂ ಪ್ರಾಮಾಣಿಕತೆಯ ಪರೀಕ್ಷೆ ನಡೆಯುವುದುಂಟು. ಈ ಬೊಂಬೆಗಳ ವಿಷಯದಲ್ಲಿಯೂ ಅದೇ ನಡೆಯುತ್ತಿದೆ.

ನಾನು ಹೇಳುತ್ತಿರುವುದು ಆಂಗ್ಲ ಭಾಷೆಯಲ್ಲಿ 'ಆಕ್ಷನ್ ಫಿಗರ್' ಎಂದು ಕರೆಯಲ್ಪಡುವ, ಕೈಕಾಲುಗಳು ಮಡಿಯುವ, ವೀರವೇಷದ ಬೊಂಬೆಗಳನ್ನು. ಈ ಹೆಸರು ಹುಟ್ಟಿದ ಬಗೆಯೇ ವಿನೋದಕರವಾದುದು. 1964ರಲ್ಲಿ ಅಮೆರಿಕ ದೇಶದ ಹ್ಯಾಸ್‌ಬ್ರೋ ಎಂಬ ಸಂಸ್ಥೆಯವರು ಜಿ. ಐ. ಜೋ ಎಂಬ ಸಿಪಾಯಿಯ ಬೊಂಬೆಯನ್ನು ಪೇಟೆಗೆ ತಂದರು. ಅದರ ಎತ್ತರ ಹೆಚ್ಚುಕಡಮೆ 12 ಅಂಗುಲ. ಚಲಿಸುವ ಭಾಗಗಳು 21 ಎಂದು ಜಾಹೀರಾತಿನಲ್ಲಿ ಸಾರಿದರು. ಗಂಡುಹುಡುಗರು ಬೊಂಬೆಯಾಡುವುದು ಅಗೌರವವೆಂಬ ಭಾವನೆ ಆ ದೇಶದಲ್ಲಿ ಪ್ರಬಲವಾಗಿದ್ದುದರಿಂದ, ಮಾರುವವರು 'ಬೊಂಬೆ' ಎಂಬ ಮಾತನ್ನೇ ಬಾಯಿಗೆ ತರಬಾರದೆಂದು ನಿಶ್ಚಯಿಸಿ, ಈ ಹೊಸ ಹೆಸರನ್ನು ಕಲ್ಪಿಸಿದರು. ಹೆಸರು ಬದಲಾದ ಮಾತ್ರಕ್ಕೆ ವಸ್ತು ಬದಲಾಗುವುದೇ? ಸಂಸ್ಕೃತದ ಪಾಂಚಾಲಿಕೆ, ಕನ್ನಡದ ಬೊಂಬೆ, ಇದೂ ಅದೇ. ಆ ಸಿಪಾಯಿಯ ಬಲಗೆನ್ನೆಯ ಮೇಲೆ ಒಂದು ಗಾಯದ ಗೆರೆಯುಂಟು. ಬಲಗೈ ಹೆಬ್ಬೆರಳಿನ ಉಗುರು ಮೇಲ್ಭಾಗದಲ್ಲಿರದೆ ಒಳಭಾಗದಲ್ಲಿ ಮೂಡಿದೆ. ಅಚ್ಚು ಕೆತ್ತುವಾಗ ಆದ ಪ್ರಮಾದವಿದು. ಕಡೆಗೆ ಅಸಲಿ ಬೊಂಬೆಯನ್ನು ಗುರುತಿಸುವ ಲಕ್ಷಣವಾಗಿಯೇ ಉಳಿಯಿತು.

ಅನಂತರ 1977ರಲ್ಲಿ 'ಸ್ಟಾರ್ ವಾರ್ಸ್' ಎಂಬ ಚಲನಚಿತ್ರವು ಹೊರಬಂದಿತು. ಸಿನ್ಸಿನಾಟಿ ನಗರದ ಕೆನ್ನರ್ ಸಂಸ್ಥೆಯವರು ಅದರ ಪಾತ್ರಗಳ ಬೊಂಬೆಗಳನ್ನು ಮಾಡುವ ಹಕ್ಕನ್ನು ಪಡೆದಿದ್ದರು. ಆದರೆ ಆ ವರ್ಷದ ಕ್ರಿಸ್‌ಮಸ್ ಹಬ್ಬಕ್ಕೆ ಸರಕು ಸಿದ್ಧವಾಗಲಿಲ್ಲ. ಅವರು ಬೊಂಬೆಗಳಿಲ್ಲದ ಲಕೋಟೆಯೊಳಗೆ ಒಂದು ವಾಗ್ದಾನ ಪತ್ರವನ್ನಿಟ್ಟು ಮಾರಿದರು. ಅದನ್ನು ಅಂಚೆಯಲ್ಲಿ ಕಳುಹಿಸಿದ ಮಕ್ಕಳಿಗೆ 1978ರಲ್ಲಿ ನಾಲ್ಕು ಬೊಂಬೆಗಳು ಬಂದು ತಲಪಿದುವು. ಬರಿಯ ಭರವಸೆಯನ್ನು ಕೊಂಡು ತಿಂಗಳುಗಟ್ಟಲೆ ಕಾದಿದ್ದ ಆ ಮಕ್ಕಳ ಸಹನೆಯನ್ನು ನೆನೆದರೆ ಈಗಲೂ ಆಶ್ಚರ್ಯವಾಗುವುದು. ಈ ಬೊಂಬೆಗಳ ಎತ್ತರ ಮೂರು ಮುಕ್ಕಾಲು ಅಂಗುಲ ಮಾತ್ರ. ಬೊಂಬೆ ಚಿಕ್ಕದಾದರೆ ಅದು ಕುಳಿತು ಹೋಗಬೇಕಾದ ವಿಮಾನವನ್ನೂ ತಕ್ಕ ಅಳತೆಯಲ್ಲಿ ಮಾಡಿ ಮಾರಬಹುದೆಂಬುದು ವ್ಯಾಪಾರದ ಜಾಣತನ. 1982ರಲ್ಲಿ ಹ್ಯಾಸ್‌ಬ್ರೋದವರೂ ತಮ್ಮ ಸಿಪಾಯಿಯನ್ನು ಇದೇ ಅಳತೆಗೆ ಇಳಿಸಿದರು. ಈ ಸಣ್ಣ ಸಿಪಾಯಿಗಳ ಸಾಲು 1994ರವರೆಗೆ ನಡೆಯಿತು.

ನಮ್ಮ ದೇಶಕ್ಕೂ ಇದಕ್ಕೂ ಸಂಬಂಧವುಂಟು. 1987ರಲ್ಲಿ ಮದರಾಸಿನ ಎಂ. ಆರ್. ಎಫ್. ಸಂಸ್ಥೆಯವರೂ ಹ್ಯಾಸ್‌ಬ್ರೋದವರೂ ಜೊತೆಗೂಡಿ ಫನ್‌ಸ್ಕೂಲ್ ಎಂಬ ಆಟಿಕೆಯ ಉದ್ಯಮವನ್ನು ಸ್ಥಾಪಿಸಿದರು. ಅಮೆರಿಕದ ಅಚ್ಚುಗಳಿಂದಲೇ ಇಲ್ಲಿ ಜಿ. ಐ. ಜೋ ಬೊಂಬೆಗಳು ತಯಾರಾದುವು. ಬಣ್ಣಗಳು ಮಾತ್ರ ಎಷ್ಟೋ ವೇಳೆ ಮೂಲಕ್ಕಿಂತ ಬೇರೆಯಾಗಿದ್ದುವು. ಈ ಬಣ್ಣಭೇದದ ದೆಸೆಯಿಂದಲೇ ಭಾರತದಲ್ಲಿ ಮಾಡಿದ ಬೊಂಬೆಗಳನ್ನು ಪರದೇಶದ ಸಂಗ್ರಾಹಕರು ಅರಸಿ ಕೊಳ್ಳುವುದುಂಟು. 1990ರ ದಶಕದಲ್ಲಿ ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲಿ ಬಾಲ್ಯವನ್ನು ಕಳೆದ ಎಷ್ಟೋ ಮಂದಿಯ ಮನೆಯ ಅಟ್ಟದ ಮೇಲೆ, ತಗಡಿನ ಡಬ್ಬಿಯಲ್ಲಿ, ಇಂಥ ಎರಡು ಮೂರು ಬೊಂಬೆಗಳು ಕೈಯೋ ಕಾಲೋ ಇಲ್ಲದೆ ಬಿದ್ದಿರಬಹುದು. ಮನೆ ಖಾಲಿಮಾಡುವಾಗ ಅವು ಗುಜರಿಗೆ ಹೋಗುವುವು. ಹೋಗುವುದಕ್ಕೆ ಮುಂಚೆ ಒಮ್ಮೆ ಆಲೋಚಿಸಿರೆಂದು ಹೇಳುವುದೇ ಈ ಬರಹದ ಉದ್ದೇಶ.

ಒಂದರ ಅಂಗವನ್ನು ತೆಗೆದು ಇನ್ನೊಂದಕ್ಕೆ ಜೋಡಿಸುವುದು ನಮ್ಮವರಿಗೆ ಹೊಸ ಕಲ್ಪನೆಯಲ್ಲ. ಗಣಪತಿಗೆ ಆನೆಯ ಶಿರಸ್ಸು, ದಕ್ಷನಿಗೆ ಆಡಿನ ಶಿರಸ್ಸು. ಋಗ್ವೇದದಲ್ಲಿ ಕಾಲು ಕಡಿದುಹೋದ ವಿಶ್ಪಲೆಗೆ ಅಶ್ವಿನೀದೇವತೆಗಳು ಲೋಹದ ಕಾಲನ್ನು ಜೋಡಿಸಿದರೆಂದಿದೆ. ಅದೇ ಅಶ್ವಿನಿಗಳು ದಧ್ಯಂಚ ಋಷಿಯ ತಲೆಯನ್ನು ತೆಗೆದು ಕುದುರೆಯ ತಲೆಯನ್ನಿಟ್ಟು, ಕೆಲಸ ಮುಗಿದ ಮೇಲೆ ಅವನದೇ ತಲೆಯನ್ನು ಮರಳಿ ಇಟ್ಟರಂತೆ. ಇವೆಲ್ಲಕ್ಕಿಂತ ನಮ್ಮ ವಿಷಯಕ್ಕೆ ಹತ್ತಿರವಾದವನು ಜರಾಸಂಧ. ಎರಡು ಹೋಳಾಗಿ ಹುಟ್ಟಿ, ಜರೆಯೆಂಬ ರಾಕ್ಷಸಿಯಿಂದ ಸಂಧಿಸಲ್ಪಟ್ಟವನು. 1982ರ ಜಿ. ಐ. ಜೋವಿನ ಎದೆಯೂ ಬೆನ್ನೂ ಬೇರೆಬೇರೆ ಹೋಳುಗಳು. ಅವನ್ನು ಸಂಧಿಸುವುದು ಬೆನ್ನಿನ ಮೇಲಣ ಒಂದೇ ಒಂದು ತಿರುಪುಮೊಳೆ. ಅದನ್ನು ಬಿಚ್ಚಿದ ಹುಡುಗನು ಭೀಮಸೇನನ ಕೆಲಸವನ್ನು ಮಾಡಿದ ಹಾಗಾಯಿತು. ಮತ್ತೆ ಕೂಡಿಸುವ ಜರೆಯ ಕೆಲಸವನ್ನು ಕಲಿಯುವುದೇ ಈಗ ಬೇಕಾದುದು.

ಮೊದಲು ರೋಗಪರೀಕ್ಷೆ. ಆಗಮ ಮತ್ತು ಶಿಲ್ಪ ಗ್ರಂಥಗಳಲ್ಲಿ ಭಿನ್ನ ವಿಗ್ರಹದ ವಿಚಾರವು ಬರುವಾಗ, ಯಾವ ಅಂಗವು ಭಗ್ನವಾಗಿದೆಯೆಂಬುದನ್ನು ಮೊದಲು ನೋಡತಕ್ಕದ್ದೆಂದು ವಿಧಿಸಿರುವರು. ತಲೆ ಮುಂತಾದ ಮುಖ್ಯಾಂಗ ಹೋದರೆ ಒಂದು ವಿಧಿ, ಬೆರಳು ಮುಂತಾದ ಉಪಾಂಗ ಹೋದರೆ ಮತ್ತೊಂದು. ಬೊಂಬೆಯ ವಿಷಯದಲ್ಲಿಯೂ ಈ ವಿವೇಚನೆ ಅವಶ್ಯಕ. ಬೊಂಬೆ ಬಿದ್ದುಹೋಗುವುದಕ್ಕೆ ಮೂರು ಕಾರಣಗಳುಂಟು: ಒಳಗಿನ ಸೂತ್ರ ಹರಿದಿರಬಹುದು, ಕೀಲು ಸಡಿಲವಾಗಿರಬಹುದು, ಇಲ್ಲವೆ ಅಂಗವೇ ಮುರಿದಿರಬಹುದು. ಮೊದಲನೆಯದು ಸುಲಭಸಾಧ್ಯ, ಎರಡನೆಯದು ಕಷ್ಟಸಾಧ್ಯ. ಮೂರನೆಯದಕ್ಕೆ ಮಾತ್ರ ಮತ್ತೊಂದು ಬೊಂಬೆಯ ಅಂಗ ಬೇಕು. ಸೂತ್ರ ಹರಿದ ಬೊಂಬೆಯನ್ನು ಅಂಗಹೀನವೆಂದು ಭ್ರಮಿಸಿ ಎಸೆದುಬಿಡುವವರೇ ಹೆಚ್ಚು.

1964ರ ದೊಡ್ಡ ಬೊಂಬೆಯಲ್ಲಿ ತಲೆ, ತೋಳು, ಸೊಂಟ, ತೊಡೆಗಳನ್ನು ಎಳೆದು ಹಿಡಿದಿರುವುದು ಎಲಾಸ್ಟಿಕ್ ದಾರ. ಅದರ ತುದಿಗಳಲ್ಲಿ ಲೋಹದ ಕೊಂಡಿಗಳಿರುವುವು. ಮೊಣಕೈ ಮೊಣಕಾಲುಗಳಲ್ಲಿ ರಿವೆಟ್ಟುಗಳಿರುವುವು. ವರ್ಷಗಳು ಉರುಳಿದಂತೆ ದಾರವು ಜೀವ ಕಳೆದುಕೊಂಡು ಜೋಲುವುದು. ಸಿಪಾಯಿಯು ಮದ್ಯಪಾನ ಮಾಡಿದವನಂತೆ ಕುಸಿಯುವನು. ದರ್ಜಿಯ ಸಾಮಾನಿನ ಅಂಗಡಿಯಲ್ಲಿ ದೊರೆಯುವ ಗುಂಡು ಎಲಾಸ್ಟಿಕ್ಕನ್ನು ಹಳೆಯ ಕೊಂಡಿಗಳಿಗೇ ಕಟ್ಟಿ ಪೋಣಿಸಿದರೆ ಅವನು ಮತ್ತೆ ಎದ್ದು ನಿಲ್ಲುವನು. ಕೊಂಡಿಗಳನ್ನು ಎಸೆಯಬಾರದು, ಅವೇ ಅಸಲಿ. 1974ರಲ್ಲಿ ಈ ಬೊಂಬೆಗೆ ಹಿಡಿಯಬಲ್ಲ ಮೆದು ಕೈಗಳನ್ನು ಕೊಟ್ಟರು. ಅದನ್ನು 'ಕುಂಗ್ ಫೂ ಹಿಡಿತ'ವೆಂದರು. ಆ ಮೆದು ವಸ್ತುವು ಕಾಲಕ್ರಮದಲ್ಲಿ ಬಿರುಕುಬಿಟ್ಟು ಬೆರಳುಗಳು ಉದುರುವುವು. ಮುಂಚಿನ ಗಟ್ಟಿ ಕೈಗಳೋ ಇಂದಿಗೂ ನೆಟ್ಟಗಿವೆ. ನಾವೀನ್ಯವೇ ಬೇಗ ಸವೆದ ದೃಷ್ಟಾಂತ ಇದು.

ಸಣ್ಣ ಸಿಪಾಯಿಯ ಒಳರಚನೆ ಬೇರೆ. ಎರಡು ಕಾಲುಗಳನ್ನು ಕೂಡಿಸುವ ಒಂದು ಲೋಹದ ಕೊಕ್ಕೆಯುಂಟು. ಆ ಕೊಕ್ಕೆಗೆ ಸಿಕ್ಕಿಸಿದ ಕಪ್ಪು ರಬ್ಬರ್ ಉಂಗುರವು ಸೊಂಟದ ತುಂಡಿನ ಮೂಲಕ ಹಾದು ಎದೆಯೊಳಗಿನ ಗೂಟಕ್ಕೆ ತಗಲಿಕೊಂಡಿರುವುದು. ಇಡೀ ದೇಹದ ಬಿಗಿಯೆಲ್ಲ ಆ ಉಂಗುರದಲ್ಲಿಯೇ. ಅದು ಒಣಗಿ ತುಂಡಾದರೆ ಬೊಂಬೆಯು ಸೊಂಟದಲ್ಲಿ ಎರಡಾಗುವುದು. ನೀರಿನ ನಲ್ಲಿಗೆ ಹಾಕುವ ಉಂಗುರಗಳಲ್ಲಿ, ಒಳವ್ಯಾಸ ಸುಮಾರು 12ರಿಂದ 13 ಮಿಲಿಮೀಟರು ಇರುವ ತೆಳುವಾದದ್ದನ್ನು ಆರಿಸಿದರೆ ಸರಿಹೊಂದುವುದು. ಕೆಲಸದ ಕ್ರಮ ಹೀಗೆ: ಮೇಜಿನ ಮೇಲೆ ಬಿಳಿಯ ಬಟ್ಟೆಯನ್ನು ಹಾಸತಕ್ಕದ್ದು, ಬಿದ್ದ ಚೂರು ಉರುಳಿಹೋಗದೆ ಕಣ್ಣಿಗೆ ಕಾಣುವುದು. ಮೊಳೆಯ ತಲೆಗೆ ಸರಿಯಾಗಿ ಕೂರುವ ಸಣ್ಣ ತಿರುಪುಳಿಯನ್ನೇ ಉಪಯೋಗಿಸತಕ್ಕದ್ದು; ಅಳತೆ ತಪ್ಪಿದರೆ ಮೊಳೆಯ ತಲೆ ಸವೆದು ಕೆಲಸವು ಅಲ್ಲಿಗೇ ನಿಲ್ಲುವುದು. ಮೊಳೆ ಬಿಚ್ಚಿದ ಮೇಲೆ ಬೆನ್ನನ್ನು ಮೆಲ್ಲನೆ ಎತ್ತಿ, ಯಾವ ತೋಳು ಯಾವ ಕಡೆಯದೆಂದು ಗುರುತಿಟ್ಟುಕೊಳ್ಳಬೇಕು. ಹೊಸ ಉಂಗುರವನ್ನು ಕೊಕ್ಕೆಗೆ ಸಿಕ್ಕಿಸಿ, ಸೊಂಟದೊಳಗಿಂದ ಚಿಮಟದಿಂದ ಎಳೆದು ಗೂಟಕ್ಕೆ ಹಾಕಿ, ತಲೆ ತೋಳುಗಳನ್ನು ತಮ್ಮ ತಮ್ಮ ಗುಣಿಯಲ್ಲಿಟ್ಟು, ಬೆನ್ನನ್ನು ಮುಚ್ಚಿ ಮೊಳೆಯನ್ನು ತಿರುಗಿಸಬೇಕು. ಬಿಗಿ ಸಿಕ್ಕಿದೊಡನೆ ಕೈ ನಿಲ್ಲಿಸಬೇಕು. ಇನ್ನೊಂದು ಸುತ್ತು ತಿರುಗಿಸಿದರೆ ಪ್ಲಾಸ್ಟಿಕ್ಕು ಸೀಳುವುದು.

ಉಂಗುರದ ಕಾಯಿಲೆಯನ್ನು ಬಿಟ್ಟರೆ ಈ ಬೊಂಬೆಗಳಿಗೆ ಎರಡು ಮರಣಸ್ಥಾನಗಳಿವೆ: ಒಂದು ಹೆಬ್ಬೆರಳು, ಮತ್ತೊಂದು ತೊಡೆಗಳ ಸಂದಿನ ಸೊಂಟದ ತುಂಡು. ದಪ್ಪ ಹಿಡಿಯ ಬಂದೂಕನ್ನು ಬಲವಂತವಾಗಿ ಕೈಗೆ ತುರುಕಿದರೆ ಹೆಬ್ಬೆರಳು ಹೋಯಿತು. ಕಾಲುಗಳನ್ನು ಮಿತಿಮೀರಿ ಅಗಲಿಸಿದರೆ ಸೊಂಟ ಹೋಯಿತು. ಬೊಂಬೆಯ ಕೈಯನ್ನು ಸ್ವಲ್ಪ ಹೊತ್ತು ಬಿಸಿನೀರಿನಲ್ಲಿ ಅದ್ದಿಟ್ಟು ಮೆದುವಾದ ಮೇಲೆ ಆಯುಧವನ್ನು ಕೊಡುವುದು ಬಲ್ಲವರ ಪದ್ಧತಿ. ಹೋದ ಹೆಬ್ಬೆರಳನ್ನು ಅಂಟಿಸುವುದು ಬಹುಮಟ್ಟಿಗೆ ವ್ಯರ್ಥ. ತಾಳಿಕೊಳ್ಳುವಷ್ಟು ಅಗಲವೇ ಅಲ್ಲಿಲ್ಲ. ಅಂಥ ಕಡೆ ಇಡೀ ತೋಳನ್ನೇ ಬದಲಿಸಬೇಕು.

ಕೆನ್ನರ್ ಬೊಂಬೆಗಳಿಗೆ ತಿರುಪುಮೊಳೆಯೇ ಇಲ್ಲ; ಎದೆ ಬೆನ್ನುಗಳನ್ನು ಕಾರ್ಖಾನೆಯಲ್ಲಿಯೇ ಕೂಡಿಸಿ ಮುಚ್ಚಿರುವರು. ಅವುಗಳಲ್ಲಿ ಚಲಿಸುವ ಸಂಧಿಗಳು ಸಾಮಾನ್ಯವಾಗಿ ಐದೇ. ಅಂಗ ಬದಲಿಸಬೇಕಾದರೆ ಬಿಸಿನೀರಿನಿಂದ ಮೆದುಮಾಡಿ ಸಂಧಿಯಲ್ಲಿ ತೆಳುವಾದ ಅಲಗನ್ನು ಆಡಿಸಿ ಬಿಡಿಸುವರು. ಇದು ಅಭ್ಯಾಸವಿಲ್ಲದವರ ಕೆಲಸವಲ್ಲ. ಅಲಗು ಜಾರಿದರೆ ಬೊಂಬೆಯ ಜೊತೆಗೆ ಕೈಬೆರಳೂ ಕೊಯ್ಯುವುದು. ಗಣಪತಿಯನ್ನು ಮಾಡಹೋಗಿ ಕೋತಿಯನ್ನು ಮಾಡಿದನೆಂಬ ಗಾದೆಗೆ ಉದಾಹರಣೆಯಾಗುವುದಕ್ಕಿಂತ, ಇಂಥವನ್ನು ಅಂಗಹೀನವಾಗಿಯೇ ಇಟ್ಟುಕೊಳ್ಳುವುದು ಲೇಸು.

ಇನ್ನು ಅಂಗದಾನದ ವಿಚಾರ. ಕೈ ಬೇಕಾದ ಬೊಂಬೆಗೆ ಕೈಕೊಡುವ ಮತ್ತೊಂದು ಬೊಂಬೆ ಬೇಕು, ಅದನ್ನು ದಾತೃವೆನ್ನೋಣ. ಇದರ ಆಯ್ಕೆಯಲ್ಲಿ ಮೂರು ನಿಯಮಗಳನ್ನು ಪಾಲಿಸತಕ್ಕದ್ದು.

ಮೊದಲನೆಯದಾಗಿ ಅಚ್ಚೂ ವರ್ಷವೂ ಹೊಂದಬೇಕು. 1982ರ ಸಿಪಾಯಿಗಳ ತೋಳು ನೇರವಾದುದು. ಮೊಣಕೈಯ ಮೇಲೆ ಪಕ್ಕಕ್ಕೆ ತಿರುಗದು. 1983ರಲ್ಲಿ ಅದೇ ಪಾತ್ರಗಳಿಗೆ ತಿರುಗುವ ತೋಳನ್ನು ಕೊಟ್ಟರು. 1985ರಲ್ಲಿ ಕತ್ತಿನಲ್ಲಿ ಗುಂಡು ಕೀಲನ್ನಿಟ್ಟು ತಲೆಯು ಮೇಲಕ್ಕೂ ಕೆಳಕ್ಕೂ ಆಡುವಂತೆ ಮಾಡಿದರು. 1982ರ ದೇಹಕ್ಕೆ 1983ರ ತೋಳನ್ನು ಜೋಡಿಸಿದರೆ ನೋಡುವುದಕ್ಕೆ ಚೆನ್ನಾಗಿರಬಹುದು. ಆದರೆ ಅದು ಯಾವ ಕಾಲದಲ್ಲಿಯೂ ಇರದಿದ್ದ ಬೊಂಬೆ, ವ್ಯಾಕರಣಕ್ಕೆ ಒಗ್ಗದ ಸಮಾಸದಂತೆ. ಒಂದು ಅನುಕೂಲವುಂಟು: 1982ರ ಸಾಲಿನಲ್ಲಿ ವೆಚ್ಚವನ್ನು ಉಳಿಸುವುದಕ್ಕಾಗಿ ಒಂದೇ ಅಚ್ಚಿನ ತೋಳು ಕಾಲುಗಳನ್ನು, ಕೆಲವೆಡೆ ತಲೆಯನ್ನೂ, ಹಲವು ಪಾತ್ರಗಳಿಗೆ ಬಳಸಿದ್ದರು. ಆದುದರಿಂದ ಅಪರೂಪದ ಸಿಪಾಯಿಗೆ ಬೇಕಾದ ಅಂಗವು ಸಾಮಾನ್ಯ ಸಿಪಾಯಿಯಲ್ಲಿಯೇ ದೊರಕಬಹುದು. ಬಣ್ಣವೊಂದನ್ನು ನೋಡಿಕೊಂಡರೆ ಸಾಕು.

ಎರಡನೆಯದಾಗಿ, ಪೂರ್ಣವಾಗಿರುವ ಬೊಂಬೆಯನ್ನು ಎಂದಿಗೂ ಮುರಿಯಬಾರದು. ದಧೀಚಿಯು ತನ್ನ ಎಲುಬನ್ನು ತಾನಾಗಿ ಕೊಟ್ಟನು. ಬೊಂಬೆಗೆ ಸಮ್ಮತಿಯನ್ನು ಹೇಳುವ ಬಾಯಿಲ್ಲ. ಬೆಲೆಬಾಳುವ ಒಂದನ್ನು ಪೂರ್ಣಮಾಡುವ ಆಸೆಯಿಂದ ಅಗ್ಗದ ಎರಡನ್ನು ಕೊಲ್ಲುವ ಸಂಗ್ರಾಹಕರಿದ್ದಾರೆ. ಇಂದು ಅಗ್ಗವಾದುದು ನಾಳೆ ವಿರಳವಾಗುವುದು. ಹೀಗೆಯೇ ಮುರಿಯುತ್ತ ಹೋದರೆ ಸಾಮಾನ್ಯವಾದುದೇ ಲೋಕದಲ್ಲಿ ಇಲ್ಲವಾಗುವುದು. ತಾನಾಗಿ ಮುರಿದು, ತಾನು ನಿಲ್ಲಲಾರದ ಸ್ಥಿತಿಯಲ್ಲಿರುವ ಬೊಂಬೆಯೇ ದಾತೃವಾಗಲು ಯೋಗ್ಯ. ತಲೆಯಿಲ್ಲದ್ದೊಂದು, ಕಾಲಿಲ್ಲದ್ದೊಂದು, ಸೊಂಟ ಒಡೆದದ್ದೊಂದು, ಈ ಮೂರರಿಂದ ಒಂದು ಎದ್ದು ನಿಂತರೆ ಯಾರಿಗೂ ನಷ್ಟವಿಲ್ಲ.

ಮೂರನೆಯದಾಗಿ, ಉಳಿದ ಚೂರುಗಳನ್ನು ಎಸೆಯಬಾರದು. ಪೋರ್ತುಗಲ್ ದೇಶದ ಲಿಸ್ಬನ್ ನಗರದಲ್ಲಿ 1830ರಲ್ಲಿ ಸ್ಥಾಪಿತವಾದ ಬೊಂಬೆಗಳ ಆಸ್ಪತ್ರೆಯೊಂದಿದೆ. ಅಲ್ಲಿ ತಲೆಗಳು, ಕೈಗಳು, ಕಣ್ಣುಗಳು ಬೇರೆಬೇರೆ ಪೆಟ್ಟಿಗೆಗಳಲ್ಲಿ ಹಳೆಯ ಪಂಡಿತರ ಔಷಧಶಾಲೆಯ ಬೇರುನಾರುಗಳಂತೆ ಕಾದುಕೊಂಡಿರುವುವು. ನಮ್ಮ ಮನೆಯಲ್ಲಿ ಔಷಧದ ಖಾಲಿ ಡಬ್ಬಿಗಳು ಇದಕ್ಕೆ ಸಾಕು.

ಅಂಟು ಮತ್ತು ಬಣ್ಣಗಳ ವಿಷಯದಲ್ಲಿ ಒಂದೆರಡು ಎಚ್ಚರಿಕೆಯ ಮಾತು. ಕ್ಷಣದಲ್ಲಿ ಹಿಡಿಯುವ ಸಯನೋಆಕ್ರಿಲೇಟ್ ಎಂಬ ಅಂಟು 1942ರಲ್ಲಿ ಅಮೆರಿಕದಲ್ಲಿ ಆಕಸ್ಮಿಕವಾಗಿ ಕಂಡುಬಂದು 1958ರಲ್ಲಿ ಪೇಟೆಗೆ ಇಳಿಯಿತು. ಅದು ಹಿಡಿದರೆ ಕಲ್ಲಿನಂತೆ ಗಟ್ಟಿ, ಆದರೆ ಬಾಗುವ ಗುಣವಿಲ್ಲ. ಆಡುವ ಕೀಲಿಗೆ ಅದನ್ನು ಸೋಕಿಸಬಾರದು. ಹೆಚ್ಚಾದರೆ ಸುತ್ತಲೂ ಬಿಳಿಯ ಬೂಷ್ಟಿನಂತಹ ಕಲೆ ಕಟ್ಟುವುದು. ಉಗುರಿನ ಬಣ್ಣವನ್ನು ತೆಗೆಯುವ ಅಸಿಟೋನಿನಿಂದ ಬೊಂಬೆಯನ್ನು ಒರಸಿದರೆ ಬಣ್ಣದೊಡನೆ ಮೈಯೂ ಕರಗುವುದು. ಉಗುರು ಬೆಚ್ಚನೆಯ ನೀರು, ಒಂದು ಹನಿ ಸೋಪು, ಮೆದುವಾದ ಹಲ್ಲುಜ್ಜುವ ಕುಂಚ, ಇಷ್ಟೇ ಸಾಕು. ಬಿಳಿಯ ಪ್ಲಾಸ್ಟಿಕ್ಕು ಬಿಸಿಲಿನಿಂದ ಹಳದಿಗಟ್ಟುವುದುಂಟು. 2008ರ ಸುಮಾರಿನಲ್ಲಿ ಹಳೆಯ ಕಂಪ್ಯೂಟರುಗಳ ಅಭಿಮಾನಿಗಳು, ಹೈಡ್ರೋಜನ್ ಪೆರಾಕ್ಸೈಡನ್ನು ಸವರಿ ಬೆಳಕಿನಲ್ಲಿಟ್ಟರೆ ಬಿಳುಪು ಮರಳುವುದೆಂಬುದನ್ನು ಪ್ರಚಾರಕ್ಕೆ ತಂದರು. ಆದರೆ ಹಳದಿಯು ಮತ್ತೆ ಬರುವುದುಂಟು. ಮಾಡುವಾಗ ಕೈಗವಸೂ ಕನ್ನಡಕವೂ ಅಗತ್ಯ. ನನ್ನ ಅಭಿಪ್ರಾಯದಲ್ಲಿ, ವಯಸ್ಸಾದುದಕ್ಕೆ ವಯಸ್ಸಾದ ಮೈಬಣ್ಣವಿರುವುದು ದೋಷವಲ್ಲ. ಸವೆದ ಬಣ್ಣದ ಮೇಲೆ ಹೊಸ ಬಣ್ಣವನ್ನು ಬಳಿಯುವುದಂತೂ ಸರ್ವಥಾ ಕೂಡದು.

ಈಗ ಮುಖ್ಯವಾದ ಮಾತಿಗೆ ಬರೋಣ. ಅಂಗವನ್ನು ಜೋಡಿಸುವ ಕೈಚಳಕವೇ ವಂಚನೆಗೂ ಸಾಧನವಾಗುವುದು. 1978ರ ಕೆನ್ನರ್ ಬೊಂಬೆಗಳಲ್ಲಿ ಜಾವಾ ಎಂಬ ಕುಳ್ಳನೊಬ್ಬನುಂಟು. ಅವನಿಗೆ ಮೊದಲು ವಿನೈಲಿನ ನಿಲುವಂಗಿಯನ್ನು ಕೊಟ್ಟಿದ್ದರು. ಅದು ಚೆನ್ನಾಗಿ ಕಾಣಲಿಲ್ಲವೆಂದು ಬೇಗನೆ ಬಟ್ಟೆಯ ಅಂಗಿಗೆ ಬದಲಾಯಿಸಿದರು. ಹೀಗಾಗಿ ವಿನೈಲ್ ಅಂಗಿಯ ಜಾವಾ ವಿರಳನಾದನು, ಅವನ ಬೆಲೆ ಆಕಾಶಕ್ಕೇರಿತು. ಆಗ ಕೆಲವರು ಬೆನ್ ಕೆನೋಬಿ ಎಂಬ ಮತ್ತೊಂದು ಬೊಂಬೆಯ ವಿನೈಲ್ ಅಂಗಿಯನ್ನು ಕತ್ತರಿಸಿ ಚಿಕ್ಕದುಮಾಡಿ, ಬಟ್ಟೆಯ ಅಂಗಿಯ ಸಾಮಾನ್ಯ ಜಾವಾನಿಗೆ ತೊಡಿಸಿ, ಅಸಲಿಯೆಂದು ಮಾರಿದರು. ಇಲ್ಲಿಯೂ ಆದುದು ಒಂದರ ಭಾಗವನ್ನು ಮತ್ತೊಂದಕ್ಕೆ ಇಟ್ಟದ್ದೇ. ಕತ್ತರಿ ಒಂದೇ, ಕೈಕೆಲಸ ಒಂದೇ. ಜೀರ್ಣೋದ್ಧಾರಕ್ಕೂ ಕಳ್ಳತನಕ್ಕೂ ನಡುವೆ ಇರುವ ವ್ಯತ್ಯಾಸವು ಕೈಯಲ್ಲಿಲ್ಲ, ನಾಲಗೆಯಲ್ಲಿದೆ. ಏನು ಮಾಡಿದೆನೆಂದು ಬಾಯಿಬಿಟ್ಟು ಹೇಳಿದರೆ ಅದು ಉದ್ಧಾರ, ಮುಚ್ಚಿಟ್ಟರೆ ಅದು ಮೋಸ.

ಸ್ಮಾರಕಗಳ ರಕ್ಷಣೆಯನ್ನು ಕುರಿತು 1964ರಲ್ಲಿ ವೆನಿಸ್ ನಗರದಲ್ಲಿ ವಿದ್ವಾಂಸರು ಕೂಡಿ ಒಂದು ಸಂಹಿತೆಯನ್ನು ರಚಿಸಿದರು. ಕಳೆದುಹೋದ ಭಾಗಕ್ಕೆ ಬದಲಾಗಿ ಇಟ್ಟ ಹೊಸ ಭಾಗವು ಇಡಿಯೊಡನೆ ಸಾಮರಸ್ಯದಿಂದ ಹೊಂದಿಕೊಳ್ಳಬೇಕು, ಆದರೆ ಮೂಲದಿಂದ ಬೇರೆಯೆಂದು ಗುರುತಿಸಲೂ ಬರಬೇಕು ಎಂಬುದು ಅದರಲ್ಲಿನ ಒಂದು ತತ್ತ್ವ. ಜಿ. ಐ. ಜೋ ಹುಟ್ಟಿದ ವರ್ಷವೇ ಈ ಸಂಹಿತೆಯೂ ಹುಟ್ಟಿತೆಂಬುದು ಒಂದು ಯೋಗಾಯೋಗ. ದೇವಾಲಯದ ಕಂಬಕ್ಕೆ ಸಲ್ಲುವ ಈ ನ್ಯಾಯವು ಬೊಂಬೆಯ ತೋಳಿಗೂ ಸಲ್ಲಬೇಕು. ಅದಕ್ಕೆ ಸುಲಭವಾದ ಉಪಾಯವೆಂದರೆ ಒಂದು ಸಣ್ಣ ಚೀಟಿ: 'ಎಡತೋಳು ಬೇರೆಯದರದು, ಉಂಗುರ ಹೊಸದು, ಇಂಥ ದಿನ ಬದಲಿಸಿದೆ' ಎಂದು ಬರೆದು ಬೊಂಬೆಯ ಜೊತೆಯಲ್ಲಿಡುವುದು. ಕೊಳ್ಳುವವನು ಆ ಚೀಟಿಯನ್ನು ನೋಡಿ ನಾಲ್ಕು ರೂಪಾಯಿ ಕಡಮೆ ಕೊಟ್ಟರೆ ಕೊಡಲಿ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬನು, ಈಗ ಮಧ್ಯವಯಸ್ಕ, ಕೆಲವು ತಿಂಗಳ ಹಿಂದೆ ಇಂಥದೇ ಸಮಸ್ಯೆಯನ್ನು ನನ್ನ ಮುಂದಿಟ್ಟನು. ಅವನ ಹತ್ತಿರ ಫನ್‌ಸ್ಕೂಲಿನ ಒಬ್ಬ ಸಿಪಾಯಿಯಿದ್ದನು. ಬಾಲ್ಯದಲ್ಲಿ ಉಂಗುರ ಹರಿದು ಬೊಂಬೆ ಎರಡಾದಾಗ, ಅವನ ತಂದೆಯವರು ತಮ್ಮ ಸೈಕಲ್ಲಿನ ಹಳೆಯ ಟ್ಯೂಬಿನಿಂದ ಒಂದು ಸಣ್ಣ ಪಟ್ಟಿಯನ್ನು ಕತ್ತರಿಸಿ ಗಂಟುಹಾಕಿ ಉಂಗುರಮಾಡಿ ಜೋಡಿಸಿಕೊಟ್ಟಿದ್ದರಂತೆ. ಕೆಲಸವು ಒರಟು, ಗಂಟು ದಪ್ಪವಾದುದರಿಂದ ಸೊಂಟವು ಕೊಂಚ ಓರೆಯಾಗಿ ನಿಂತಿತ್ತು. ತಂದೆಯವರು ಗತಿಸಿ ಹಲವು ವರ್ಷಗಳಾದುವು. ಈಗ ಆ ಪಟ್ಟಿಯೂ ಒಣಗಿ ಬಿರಿದು ಬೊಂಬೆಯು ಮತ್ತೆ ಕುಸಿದಿದೆ. ಗುಜರಿಯಲ್ಲಿ ಸಿಕ್ಕ ಮತ್ತೊಂದು ಬೊಂಬೆಯಿಂದ ನೆಟ್ಟನೆಯ ಸೊಂಟವೂ ಒಳ್ಳೆಯ ಕಾಲುಗಳೂ ದೊರೆತಿವೆ. "ಮೇಷ್ಟ್ರೇ, ಎಲ್ಲವನ್ನೂ ಬದಲಿಸಿ ಹೊಸದರಂತೆ ಮಾಡಲೇ? ಹಾಗೆ ಮಾಡಿದರೆ ಅದು ನಮ್ಮಪ್ಪ ರಿಪೇರಿ ಮಾಡಿದ ಬೊಂಬೆಯಾಗಿ ಉಳಿಯುತ್ತದೆಯೇ?" ಎಂದು ಕೇಳಿದನು.

ಪ್ರಶ್ನೆಯು ಸಾಮಾನ್ಯವಾದುದಲ್ಲ. ನಾಗಸೇನ ಭಿಕ್ಷುವು ಮಿಲಿಂದ ರಾಜನಿಗೆ ರಥದ ದೃಷ್ಟಾಂತದಿಂದ ವಿವರಿಸಿದುದು ಇದಕ್ಕೆ ಸಮೀಪದ ವಿಚಾರವನ್ನೇ: ಗಾಲಿಯು ರಥವಲ್ಲ, ಅಚ್ಚು ರಥವಲ್ಲ, ನೊಗವು ರಥವಲ್ಲ, ಇವೆಲ್ಲ ಕೂಡಿದಲ್ಲಿ ರಥವೆಂಬ ವ್ಯವಹಾರ. ಪುರಿಯ ಜಗನ್ನಾಥ ಕ್ಷೇತ್ರದಲ್ಲಿ ಅಧಿಕ ಆಷಾಢವು ಬಂದ ವರ್ಷ, 1996ರಲ್ಲಿ ಒಮ್ಮೆ, 2015ರಲ್ಲಿ ಮತ್ತೊಮ್ಮೆ, ದಾರುವಿಗ್ರಹಗಳನ್ನೇ ಹೊಸದಾಗಿ ಮಾಡಿ, ಹಳೆಯದರೊಳಗಿನ ಬ್ರಹ್ಮಪದಾರ್ಥವನ್ನು ಹೊಸದಕ್ಕೆ ಸೇರಿಸಿದರು. ಮರವೆಲ್ಲ ಹೊಸದಾದರೂ ಭಕ್ತರ ಪಾಲಿಗೆ ದೇವರು ಅವನೇ. ಹಾಗಾದರೆ ಯಾವುದು ಹೋದರೂ ಸಹಿಸಬಹುದು, ಯಾವುದು ಹೋಗಬಾರದು ಎಂಬುದನ್ನು ಪ್ರತಿಯೊಂದು ವಸ್ತುವಿನಲ್ಲಿಯೂ ವಿಚಾರಿಸಿ ತಿಳಿಯಬೇಕು.

ನಾನು ಅವನಿಗೆ ಹೇಳಿದುದಿಷ್ಟು: "ಉಂಗುರವು ಸವೆಯುವುದಕ್ಕೆಂದೇ ಇರುವ ಭಾಗ, ಎಣ್ಣೆ ಬತ್ತಿಗಳ ಹಾಗೆ. ಅದನ್ನು ಬದಲಿಸಪ್ಪ, ದೋಷವಿಲ್ಲ. ಬದಲಿಸದಿದ್ದರೆ ಬೊಂಬೆ ನಿಲ್ಲದು. ಸೊಂಟವೂ ಕಾಲುಗಳೂ ಮುರಿದಿಲ್ಲ; ಅವನ್ನು ಮುಟ್ಟಬೇಡ. ಓರೆಯಾಗಿ ನಿಂತದ್ದು ಗಂಟಿನಿಂದಲೇ ಹೊರತು ಸೊಂಟದಿಂದಲ್ಲ. ತಂದೆಯವರು ಕತ್ತರಿಸಿದ ಪಟ್ಟಿಯನ್ನು ಕಾಗದದ ಪೊಟ್ಟಣದಲ್ಲಿಟ್ಟು, ಅವರ ಹೆಸರನ್ನು ಬರೆದು, ಬೊಂಬೆಯ ಪಕ್ಕದಲ್ಲಿಡು. ಗುಜರಿಯಿಂದ ತಂದ ಕಾಲುಗಳು ಕಾಲಿಲ್ಲದವನಿಗೆ ಇರಲಿ." ಅವನು ಹಾಗೆಯೇ ಮಾಡಿದನು. ಗಂಟು ಹೋದ ಮೇಲೆ ಬೊಂಬೆಯು ನೆಟ್ಟಗೆ ನಿಂತಿತೆಂದೂ, ಮಗನು ಬೊಂಬೆಗಿಂತ ಪೊಟ್ಟಣವನ್ನೇ ಹೆಚ್ಚಾಗಿ ಬಿಚ್ಚಿ ನೋಡಿ ತಾತನ ಸೈಕಲ್ಲಿನ ವಿಷಯವನ್ನು ಕೇಳುತ್ತಾನೆಂದೂ ಆಮೇಲೆ ತಿಳಿಸಿದನು.

ಗೃಹಸ್ಥರಿಗೆ ಕೊನೆಯದಾಗಿ ಎರಡು ಸೂಚನೆಗಳು. ಹಳೆಯ ಪ್ಲಾಸ್ಟಿಕ್ ಬೊಂಬೆಗಳನ್ನು ದುರಸ್ತಿಮಾಡಿದ ಮೇಲೆ ಅಂಬೆಗಾಲಿಡುವ ಕೂಸುಗಳ ಕೈಗೆ ಕೊಡಬೇಡಿರಿ. 2018ರಲ್ಲಿ ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾನಿಲಯದ ಸಂಶೋಧನೆಯೊಂದು, ಬಳಸಿದ ಸುಮಾರು 200 ಪ್ಲಾಸ್ಟಿಕ್ ಆಟಿಕೆಗಳನ್ನು ಪರೀಕ್ಷಿಸಿ, ಸೀಸ, ಕ್ಯಾಡ್ಮಿಯಂ ಮುಂತಾದ ವಿಷಧಾತುಗಳು ಅನೇಕವುಗಳಲ್ಲಿವೆಯೆಂದು ತೋರಿಸಿತು. ಬಾಯಿಗಿಡುವ ವಯಸ್ಸಿನವರಿಗೆ ಸಡಿಲ ಚೂರೂ ಅಪಾಯ, ಹಳೆಯ ಬಣ್ಣವೂ ಅಪಾಯ. ಬುದ್ಧಿ ತಿಳಿದ ಮಕ್ಕಳಿಗಾದರೋ ಈ ಕೆಲಸವನ್ನೇ ಕಲಿಸಿರಿ. ತಿರುಪುಳಿಯನ್ನು ಹಿಡಿಯುವುದು, ಬಿಚ್ಚಿದ ಕ್ರಮವನ್ನು ನೆನಪಿಟ್ಟು ಹಿಮ್ಮೊಗವಾಗಿ ಜೋಡಿಸುವುದು, ಬಿಗಿಯಾದೊಡನೆ ಕೈ ನಿಲ್ಲಿಸುವುದು, ಮಾಡಿದುದನ್ನು ಬರೆದಿಡುವುದು, ಇವು ಯಾವ ಪಾಠಕ್ಕೂ ಕಡಮೆಯಲ್ಲ.

ಮತ್ತೊಂದು, ನವರಾತ್ರಿಯ ಮಾತು. ನಮ್ಮ ಮನೆಗಳಲ್ಲಿ ಪಟ್ಟದ ಬೊಂಬೆಗಳ ಜೊತೆಗೆ ಚನ್ನಪಟ್ಟಣದ ಅರಗಿನ ಬೊಂಬೆಗಳನ್ನೂ, ಮಣ್ಣಿನ ಶೆಟ್ಟಿ ಶೆಟ್ಟಮ್ಮರನ್ನೂ ಮೆಟ್ಟಿಲ ಮೇಲೆ ಕೂರಿಸುವೆವು. ಆ ಸಾಲಿನ ಕೆಳಗಿನ ಮೆಟ್ಟಿಲಿನಲ್ಲಿ, ಎರವಲು ತೋಳಿನ ಒಬ್ಬ ಪ್ಲಾಸ್ಟಿಕ್ ಸಿಪಾಯಿಗೆ ಮೂರು ಮುಕ್ಕಾಲು ಅಂಗುಲದ ಜಾಗ ಸಿಕ್ಕದೇ ಹೋಗದು. ನೋಡಲು ಬಂದ ಹೆಂಗಸರು ಮಕ್ಕಳು ಕೇಳಿದರೆ, ತೋಳು ಎರವಲಿನದೆಂದು ಸಂಕೋಚವಿಲ್ಲದೆ ಹೇಳಿರಿ.